ದಿನು, ಫೋಟೋದಲ್ಲಿರುವುದು ದೊರೆಸಾನಿ ಅಲ್ಲ

ಪ್ರೀತಿಯ ದಿನು,

ಕರೆಂಟ್ ಹೋಗಿ ಇವತ್ತಿಗೆ ಮೂರನೇ ದಿನ. ಆಟಿ ತಿಂಗಳ ಮಳೆ ಹೇಗಿರುತ್ತದೆ ಅಂತ ನಿನಗೆ ಹೇಳಬೇಕಾಗಿಲ್ಲ. ಬಟ್ಟೆ ಒಣಗುತ್ತಿಲ್ಲ, ಅಮ್ಮನ ಸಿಟ್ಟು ಇಳಿಯುತ್ತಿಲ್ಲ. ಜೀಪಣ್ಣನ ಜೀಪಿನಲ್ಲಿ ಫೋನ್ ಚಾರ್ಜ್ ಮಾಡಿಸಿಕೊಂಡು ಬಂದು ಬಚ್ಚಲು ಒಲೆಯ ಮುಂದೆ ಕೂತಿದ್ದೇನೆ. ನೆಟ್‌ವರ್ಕ್ ಒಂದು ಕಡ್ಡಿ ಬಂದಾಗ ಇದನ್ನು ಹಾಕುತ್ತೇನೆ.

ನಿನಗೊಬ್ಬನಿಗೇ ಕಳಿಸಬಹುದಿತ್ತು. ಕಳಿಸಿದರೆ ಹೆಬ್ಬೆರಳು ಒತ್ತಿ ಸುಮ್ಮನಾಗುತ್ತೀಯ. ನಾಲ್ಕು ಜನರ ಎದುರು ಶುರು ಮಾಡಿದರೆ ನನಗೂ ಅರ್ಧಕ್ಕೆ ಎದ್ದು ಓಡಲು ಆಗುವುದಿಲ್ಲ. ನೀನು ಕೊಡಬೇಕಾದ ಹಳೇ ಎಂಟಾಣೆ ವಿಷಯ ಎತ್ತುವುದಿಲ್ಲ, ಹೆದರಬೇಡ.

ಹೋದ ವಾರ ನನ್ನ ಮೀನಿನ ಟ್ಯಾಂಕಿನ ಫೋಟೋ ಕೆಳಗೆ ನೀನು ಬರೆದಿದ್ದೆ, "ದೊರೆಸಾನಿ ಸ್ವಲ್ಪ ದಪ್ಪ ಆದ ಹಾಗಿದೆಯಲ್ಲೋ?" ನಾನು ಒಂದು ನಗುವ ಮುಖ ಹಾಕಿ ತಪ್ಪಿಸಿಕೊಂಡೆ. ದಪ್ಪ ಆಗಿಲ್ಲ ಮಾರಾಯ. ಅದು ಬೇರೆ ಮೀನು. ನಿನ್ನ ಏಂಜೆಲ್ ಮೀನು, ದೊರೆಸಾನಿ, ಹೋಗಿ ಈ ಆಟಿಗೆ ಒಂದು ವರ್ಷ ಆಯಿತು.

ಅವಳ ಮೂರನೇ ಕಪ್ಪು ಪಟ್ಟೆ ನಡುವಿನಲ್ಲಿ ತುಂಡಾಗಿತ್ತಲ್ಲ, ಪೇಂಟ್ ಮಾಡುವವನು ಬೀಡಿ ಹಚ್ಚಲು ಹೋಗಿ ಮರೆತ ಹಾಗೆ? ಹೊಸಬಳಿಗೆ ಎಲ್ಲ ಪಟ್ಟೆಯೂ ನೆಟ್ಟಗಿದೆ. ಒಂದು ವರ್ಷದಲ್ಲಿ ಯಾರೂ ಗಮನಿಸಲಿಲ್ಲ. ನೀನೂ ಗಮನಿಸಲಿಲ್ಲ. ಅದಕ್ಕೆ ನನಗೆ ಸಮಾಧಾನ ಆಗಬೇಕಿತ್ತು, ಯಾಕೋ ಬೇಜಾರಾಯಿತು.

ನಡೆದದ್ದು ಹೇಳುತ್ತೇನೆ. ಹೋದ ವರ್ಷ ಜುಲೈಯಲ್ಲಿ ಮೈಸೂರಿಗೆ ಬಂದಿದ್ದೆ. ನಿನ್ನನ್ನು ನೋಡದೆ ವಾಪಸಾದೆ, ಅದೂ ಈಗ ಗೊತ್ತಾಗಲಿ. ಅಲ್ಲಿಂದ ಟೈಗರ್ ಬಾರ್ಬ್ ಅನ್ನುವ ಮೀನು ತಂದೆ. ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಕವರನ್ನು ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ಅಂತ ಮಡಿಕೇರಿವರೆಗೆ ಮಡಿಲಲ್ಲಿ ಇಟ್ಟುಕೊಂಡು ಬಂದೆ. ಪಕ್ಕದಲ್ಲಿ ಕೂತ ಅಜ್ಜಿ "ಸಾರಿಗೆ ಸಾಲದಲ್ಲ ಮಗ" ಅಂದರು. ನಿಜಕ್ಕೂ ಸಾಲದು. ಮೂರೇ ಮೂರು ತಂದಿದ್ದೆ. ತಪ್ಪಾದದ್ದೂ ಅಲ್ಲೇ. ಟೈಗರ್ ಬಾರ್ಬ್ ಎಂಟೋ ಹತ್ತೋ ಒಟ್ಟಿಗಿದ್ದರೆ ತಮ್ಮ ತಮ್ಮಲ್ಲೇ ಅಟ್ಟಾಡಿಸಿಕೊಂಡು ಇರುತ್ತವೆ. ಎರಡು ಮೂರು ಇದ್ದರೆ ಕೆಲಸ ಇಲ್ಲದ ಹುಡುಗರ ಹಾಗೆ, ಉದ್ದ ರೆಕ್ಕೆಯವರನ್ನು ಹುಡುಕಿಕೊಂಡು ಹೋಗುತ್ತವೆ.

ಏಂಜೆಲ್ ಅಂದರೆ ಅಮೆಜಾನ್ ಕಡೆಯ ಜಾತಿ. ಬೇರುಗಳ ನಡುವೆ ನಿಧಾನಕ್ಕೆ ತೇಲಿಕೊಂಡು ಇರುವಂಥದ್ದು. ಬಾರ್ಬ್ ಸುಮಾತ್ರ, ಬೋರ್ನಿಯೋದ ತೊರೆಗಳದ್ದು. ನಾನು ಇಬ್ಬರನ್ನೂ ಮಡಿಕೇರಿಯ ಮೂರಡಿ ಟ್ಯಾಂಕಿನಲ್ಲಿ, ನೂರು ಲೀಟರ್ ನೀರಿನಲ್ಲಿ, ಸಂಸಾರ ಮಾಡಿ ಅಂದೆ.

ಹೊಸ ಮೀನನ್ನು ಎರಡು ಮೂರು ವಾರ ಬೇರೆ ನೀರಿನಲ್ಲಿಟ್ಟು ನೋಡಿ ಆಮೇಲೆ ಬಿಡಬೇಕು. ಇದನ್ನು ಇದೇ ಜಾಗದಲ್ಲಿ ನಾನು ಎಷ್ಟು ಜನರಿಗೆ ಉಪದೇಶ ಮಾಡಿಲ್ಲ! ಆದರೆ ಬಸ್ಸಿನಲ್ಲಿ ಕೂತೇ "ಇವತ್ತು ಹೊಸ ಅತಿಥಿಗಳು" ಅಂತ ಹಾಕಿಬಿಟ್ಟಿದ್ದೆ. ರಾತ್ರಿ ಒಂಬತ್ತಕ್ಕೆ ಫೋಟೋ ಬೇಕಿತ್ತು. ಬಿಟ್ಟೆ. ಅರವತ್ತೋ ಎಪ್ಪತ್ತೋ ಲೈಕ್ ಬಂತು.

ಮೊದಲು ಹೋದದ್ದು ದೊರೆಸಾನಿಯ ಎದೆ ಕೆಳಗಿನ ಎರಡು ದಾರದಂಥ ರೆಕ್ಕೆ. ಆಮೇಲೆ ಬಾಲದ ಅಂಚು. ಎರಡು ದಿನದಲ್ಲಿ ಸರಿಹೋಗುತ್ತದೆ, ಹೊಂದಿಕೊಳ್ಳುತ್ತವೆ ಅಂದುಕೊಂಡೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಹೀಟರ್ ಇಲ್ಲ, ಫಿಲ್ಟರ್ ಇಲ್ಲ. ಇಪ್ಪತ್ತಾರು ಡಿಗ್ರಿ ಇದ್ದ ನೀರು ಮಾರನೇ ದಿನ ಹತ್ತೊಂಬತ್ತಕ್ಕೆ ಬಂತು. ಐದನೇ ದಿನ ಟಾರ್ಚ್ ಬಿಟ್ಟು ನೋಡಿದರೆ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ.

ಇಲ್ಲಿ ನಾನು ಮಾಡಿದ ಇನ್ನೊಂದು ತಪ್ಪು ಕೇಳು. ಮೀನು ಸಾಕುವವರು ಯಾರಾದರೂ ಓದುತ್ತಿದ್ದರೆ ನೀವೂ ಕೇಳಿ. ರೆಕ್ಕೆ ಹರಿದ ಮೀನನ್ನು ಬೇರೆ ಇಡಬೇಕು, ಸರಿ. ಬಿಳಿ ಚುಕ್ಕೆಯ ಕಥೆ ಹಾಗಲ್ಲ. ಚುಕ್ಕೆ ತರುವ ಆ ಸೂಕ್ಷ್ಮಜೀವಿ ಚರ್ಮದ ಒಳಗೆ ಇರುವಾಗ ಯಾವ ಔಷಧಿಯೂ ತಾಗುವುದಿಲ್ಲ. ತಿಂದು ಬಲಿತು ಕೆಳಗೆ ಬಿದ್ದು, ಮರಳಿನಲ್ಲಿ ಕೋಶ ಕಟ್ಟಿ, ಒಂದು ನೂರಾರು ಆಗುತ್ತದೆ. ಆ ಮರಿಗಳು ಒಂದೆರಡು ದಿನದೊಳಗೆ ಇನ್ನೊಂದು ಮೀನನ್ನು ಹಿಡಿಯದಿದ್ದರೆ ಸಾಯುತ್ತವೆ. ಹಾಗೆ ಈಜಾಡುವ ಹೊತ್ತಿನಲ್ಲಿ ಮಾತ್ರ ಔಷಧಿ ಕೊಲ್ಲುತ್ತದೆ. ಅಂದರೆ ಒಬ್ಬರ ಮೈಮೇಲೆ ಕಂಡರೆ ಇಡೀ ಟ್ಯಾಂಕಿಗೇ ಬಂದಿದೆ ಅಂತ ಲೆಕ್ಕ. ಚುಕ್ಕೆ ಮಾಯವಾದರೂ ಔಷಧಿ ನಿಲ್ಲಿಸುವ ಹಾಗಿಲ್ಲ. ನೀರು ಬೆಚ್ಚಗಿದ್ದರೆ ಈ ಸುತ್ತು ಕೆಲವೇ ದಿನದಲ್ಲಿ ಮುಗಿಯುತ್ತದೆ, ನಮ್ಮ ಮಳೆಗಾಲದ ತಣ್ಣೀರಿನಲ್ಲಿ ವಾರಗಟ್ಟಲೆ ಎಳೆಯುತ್ತದೆ.

ನಾನು ದೊರೆಸಾನಿಯನ್ನು ಎತ್ತಿ ಬೇರೆ ಮಾಡಿ, ಉಳಿದವರು ಬಚಾವ್ ಅಂದುಕೊಂಡೆ. ಮೂರು ಮೋಲಿ ಮೀನು, ಒಂದು ಗೌರಾಮಿ ಹೋದವು. ಬಾರ್ಬ್‌ಗಳಿಗೆ ಏನೂ ಆಗಲಿಲ್ಲ. ಯಮನಿಗೂ ಅವುಗಳ ಸಹವಾಸ ಬೇಡವಾಗಿರಬೇಕು.

ದೊರೆಸಾನಿಯ ಆಸ್ಪತ್ರೆ ಅಂದರೆ ಪಾಪು ಸ್ನಾನ ಮಾಡುತ್ತಿದ್ದ ಹಳೇ ಟಬ್ಬು. ಗಲೀಜು ಕಾಣಲಿ ಅಂತ ಮರಳು ಹಾಕಲಿಲ್ಲ. ಅಡಗಿಕೊಳ್ಳಲು ಒಂದು ಪಿವಿಸಿ ಪೈಪಿನ ತುಂಡು, ಬ್ಯಾಟರಿಯ ಗಾಳಿ ಪಂಪು. ಹೊಸ ನೀರಿನಲ್ಲಿ ಮೀನಿನ ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಾ ಇರುವುದಿಲ್ಲ, ಅಮೋನಿಯಾ ಏರುತ್ತದೆ. ಅದಕ್ಕೆ ದಿನಾ ಮೂರನೇ ಒಂದು ಪಾಲು ನೀರು ಬದಲಿಸುತ್ತಿದ್ದೆ. ಹಂಡೆಯ ಬಿಸಿನೀರನ್ನು ಎರಡು ಲೀಟರ್ ಬಾಟಲಿಗೆ ತುಂಬಿ ಟಬ್ಬಿನಲ್ಲಿ ತೇಲಿಬಿಡುವುದು, ಆರಿದ ಮೇಲೆ ಬದಲಿಸುವುದು, ರಾತ್ರಿ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ. "ನನ್ನ ಬಾಣಂತನದಲ್ಲೂ ಇಷ್ಟು ಯಾರೂ ಮಾಡಲಿಲ್ಲ" ಅಂದರು ಅಮ್ಮ. ಮೆಥಿಲೀನ್ ಬ್ಲೂ ಔಷಧಿ ಹಾಕಿದ ಮೇಲೆ ನೀರು ಗಾಢ ನೀಲಿ. ಅವತ್ತು ಆಟಿ ತಿಂಗಳ ಹದಿನೆಂಟನೇ ದಿನ. ಅಮ್ಮ ಆಟಿ ಸೊಪ್ಪಿನ ಪಾಯಸದ ಲೋಟ ಹಿಡಿದುಕೊಂಡು ಬಂದು ಟಬ್ಬು ನೋಡಿ, "ಅದಕ್ಕೂ ಇದನ್ನೇ ಒಂದು ಚಮಚ ಬಿಡು, ಹದಿನೆಂಟು ಔಷಧಿ ಇದೆ" ಅಂದರು. ನೀಲಿ ಆ ಕಡೆ, ನೇರಳೆ ಈ ಕಡೆ. ನಾನು ಕುಡಿದೆ. ಮಾರನೇ ಬೆಳಿಗ್ಗೆ ಮೂತ್ರ ಯಾವ ಬಣ್ಣ ಆಯಿತು ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ.

ಎರಡು ವಾರಕ್ಕೆ ಬಾಲದ ಅಂಚಿನಲ್ಲಿ ಹೊಸದಾಗಿ ತೆಳ್ಳಗೆ, ಗಾಜಿನ ಹಾಗೆ, ಪೊರೆ ಬಂತು. ಕೈಯಿಂದ ತಿಂದಳು. ನಾನು ನಿನಗೆ ಫೋನ್ ಮಾಡಿ ಎಲ್ಲ ಹೇಳೋಣ ಅಂತ ಹೊರಟಿದ್ದೇ ಅವತ್ತು. ಗೆದ್ದ ಮೇಲೆ ಹೇಳುವುದು ಸುಲಭ, ಅಲ್ವಾ.

ಆಮೇಲೆ ಹೊಟ್ಟೆ ಉಬ್ಬಿತು. ಮೇಲಿಂದ ನೋಡಿದರೆ ಒಂದೊಂದು ಹುರುಪೆಯೂ ಎದ್ದು ನಿಂತಿತ್ತು, ಹಲಸಿನಕಾಯಿ ಸಿಪ್ಪೆಯ ಹಾಗೆ. ಅದಕ್ಕೆ ಡ್ರಾಪ್ಸಿ ಅನ್ನುತ್ತಾರೆ. ಅದೇ ಒಂದು ಕಾಯಿಲೆ ಅಂತಲ್ಲ, ಒಳಗೆ ಕಿಡ್ನಿ ಸೋತು ನೀರು ತುಂಬಿಕೊಳ್ಳುತ್ತಿದೆ ಅನ್ನುವುದರ ಗುರುತು. ಅಲ್ಲಿಂದ ವಾಪಸ್ ಬರುವ ಮೀನು ಕಡಿಮೆ. ನಾಲ್ಕು ದಿನ ಏನೂ ತಿನ್ನದೆ ಒಂದು ಮಗ್ಗುಲಾಗಿ ಬಿದ್ದಿದ್ದಳು. ಕಿವಿರು ಮಾತ್ರ ಆಡುತ್ತಿತ್ತು.

ಲವಂಗದ ಎಣ್ಣೆ ತಂದೆ. ಮೆಡಿಕಲ್ಸ್‌ನಲ್ಲಿ "ಹಲ್ಲು ನೋವಾ?" ಅಂತ ಕೇಳಿದರು. ಹೌದು ಅಂದೆ. ಸ್ವಲ್ಪ ನೀರಿನ ಜೊತೆ ಬಾಟಲಿಯಲ್ಲಿ ಚೆನ್ನಾಗಿ ಕುಲುಕಿದರೆ ಹಾಲಿನ ಹಾಗೆ ಆಗುತ್ತದೆ. ನಿಧಾನಕ್ಕೆ ಬಿಡಬೇಕು. ಮೊದಲು ನಿದ್ದೆ ಬರುತ್ತದೆ. ಆಮೇಲೆ ಇನ್ನಷ್ಟು. ಕಿವಿರು ನಿಂತ ಮೇಲೂ ಬಹಳ ಹೊತ್ತು ಹಾಗೇ ಬಿಡಬೇಕು, ಅವಸರ ಮಾಡಬಾರದು. ನಾನು ಅವಸರ ಮಾಡಲಿಲ್ಲ ದಿನು. ಹಿತ್ತಲಿನ ಕಿತ್ತಳೆ ಗಿಡದ ಬುಡದಲ್ಲಿ ಇಟ್ಟೆ. ಚೆನ್ನಾಗಿ ನೋಡಿಕೊಂಡರೆ ಏಂಜೆಲ್ ಹತ್ತು ವರ್ಷ ಬದುಕುತ್ತದೆ. ಅವಳಿಗೆ ಆರು. ಮುಂದಿನ ಭಾನುವಾರ ಒಂದು ಮದುವೆಯಲ್ಲಿ ತುಪ್ಪದನ್ನದ ಒಳಗೆ ಹಲ್ಲಿಗೆ ಲವಂಗ ಸಿಕ್ಕಿತು. ಎದ್ದು ಹೋಗಿ ಕೈ ತೊಳೆದೆ.

ಇಷ್ಟು ಹೇಳಿ ನಿಲ್ಲಿಸಬೇಕು ಅಂತಲೇ ಕೂತದ್ದು. ನಿಲ್ಲುತ್ತಿಲ್ಲ.

ಅವಳನ್ನು ಟಬ್ಬಿಗೆ ಹಾಕುವ ಮೊದಲಿನ ನಾಲ್ಕೈದು ದಿನ ಇದೆಯಲ್ಲ, ನಾನು ಸುಮ್ನೆ ನೋಡುತ್ತಿದ್ದೆ. ಬಾರ್ಬ್ ಕುಕ್ಕುವುದು ಸರಿ, ಅವುಗಳ ಬುದ್ಧಿ ಅದು. ಆದರೆ ನಮ್ಮ ಬಿಳಿ ಮೋಲಿ ಇತ್ತಲ್ಲ, ಪಾಪದ್ದು, ಎರಡು ವರ್ಷ ಯಾರ ತಂಟೆಗೂ ಹೋಗದ್ದು. ಅದೂ ಬಂತು. ಹರಿದ ರೆಕ್ಕೆಯ ಹತ್ತಿರ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಒಂದು ಸಲ ಕುಕ್ಕಿ, ಏನೂ ಆಗದ ಹಾಗೆ ಗಿಡದ ಹಿಂದೆ ಹೋಯಿತು. ಹಸಿದಿರಲಿಲ್ಲ. ಆಗಷ್ಟೇ ಊಟ ಹಾಕಿದ್ದೆ.

ನಿನಗೆ ರಾಮನಾಥಪುರ ನೆನಪಿದೆಯಾ? ಕಾವೇರಿಯಲ್ಲಿ ದೇವರ ಮೀನುಗಳಿಗೆ ಪುರಿ ಹಾಕುತ್ತಿದ್ದದ್ದು? ಒಂದು ಕಣ್ಣು ಹೋದ ದೊಡ್ಡ ಮೀನಿಗೆ ನೀನು ಬೇರೆಯಾಗಿ, ಅದರ ಸರಿ ಇರುವ ಕಣ್ಣಿನ ಕಡೆಗೇ ಎಸೆಯುತ್ತಿದ್ದೆ. ನಾನು ಗುಂಪಿನ ಮಧ್ಯೆ ಎಸೆದು ಅವು ಕಿತ್ತಾಡುವುದನ್ನು ನೋಡುತ್ತಿದ್ದೆ.

2018ರ ಆಗಸ್ಟ್ ಬಗ್ಗೆ ನಾವಿಬ್ಬರೂ ಮಾತಾಡುವುದಿಲ್ಲ. ಮಕ್ಕಂದೂರು ಕಡೆ ನಿನ್ನ ತೋಟದ ಅರ್ಧ ಗುಡ್ಡದ ಜೊತೆ ಕೆಳಗೆ ಹೋದದ್ದು, ನೀವೆಲ್ಲ ಮಡಿಕೇರಿಯ ಶಿಬಿರದಲ್ಲಿ ಮಲಗಿದ್ದು, ಇದೆಲ್ಲ ಊರಿಗೇ ಗೊತ್ತು. ಅದಾಗಿ ಮೂರು ತಿಂಗಳಿಗೆ ಚಹಾ ಅಂಗಡಿಯಲ್ಲಿ ನಾವೆಲ್ಲ ಕೂತಿದ್ದಾಗ ಒಂದು ಮಾತು ಬಂತು. "ದಿನುವಿನ ತೋಟ ರಿಜಿಸ್ಟ್ರೇಷನ್ ಇಲ್ಲದೆ ಪಕ್ಕದವನ ಹೆಸರಿಗೆ ಆಯಿತು." ಎಲ್ಲರೂ ನಕ್ಕರು. ನೀನು ಹೊರಗೆ ಕೊಡೆ ಕೊಡವುತ್ತಿದ್ದೆ. ಒಳಗೆ ಬಂದು ನೀನೂ ನಕ್ಕೆ. ಮುಂದಿನ ವರ್ಷ ದೊರೆಸಾನಿಯನ್ನು ಬಕೆಟ್ಟಿನಲ್ಲಿ ತಂದು ನನ್ನ ಕೈಗೆ ಕೊಟ್ಟು ಮೈಸೂರಿಗೆ ಹೋದೆ.

ಅದನ್ನು ಹೇಳಿದ್ದು ಜೀಪಣ್ಣ ಅಂತ ನೀನು ತಿಳಿದಿದ್ದೀಯ. ಅದಕ್ಕೇ ನಿನ್ನ ಮಗಳ ನಾಮಕರಣಕ್ಕೆ ಅವನನ್ನು ಕರೆಯಲಿಲ್ಲ. ಹೇಳಿದ್ದು ನಾನು. ಧ್ವನಿ ಒಂದೇ ಥರ ಇದೆ ನನ್ನದೂ ಅವನದೂ, ಶಾಲೆಯಲ್ಲೂ ಹಾಜರಿ ಹೇಳಲು ಉಪಯೋಗಕ್ಕೆ ಬರುತ್ತಿತ್ತಲ್ಲ. ನಾನು ಸರಿಪಡಿಸಲಿಲ್ಲ. ಅವನೂ ಬಾಯಿ ಬಿಡಲಿಲ್ಲ. ಇವತ್ತು ಬೆಳಿಗ್ಗೆ ಚಾರ್ಜ್ ಹಾಕಲು ಹೋದಾಗ "ದಿನು ಹೇಗಿದ್ದಾನಂತೆ?" ಅಂತ ಕೇಳಿ ಕೇಬಲ್ ಕೊಟ್ಟ.

ಮೀನಿಗೂ ಇದಕ್ಕೂ ಸಂಬಂಧ ಇಲ್ಲ. ಸುಮ್ನೆ ನೆನಪಾಯಿತು.

ಹೌದು, ಅಳಿಸೋಣ ಅಂತ ನೋಡಿದೆ. ಫೋನಿನಲ್ಲಿ ಉಳಿದಿರುವುದು ಹನ್ನೊಂದು ಪರ್ಸೆಂಟ್. ಇಷ್ಟನ್ನು ಅಳಿಸಿ ಹೊಸದಾಗಿ ಒಳ್ಳೆಯವನ ಹಾಗೆ ಬರೆಯಲು ಅದು ಸಾಲುವುದಿಲ್ಲ. ಆದ್ದರಿಂದ ಇದೇ ಇರಲಿ. ಹೋದ ವರ್ಷದಿಂದ ಹೊಸಬಳ ಫೋಟೋಗೆ "ದೊರೆಸಾನಿ ಸೂಪರ್" ಅಂದವರೆಲ್ಲ ದಯವಿಟ್ಟು ನಿಮ್ಮ ಹೃದಯಗಳನ್ನು ವಾಪಸ್ ತೆಗೆದುಕೊಳ್ಳಿ, ಜಾಗ ಖಾಲಿ ಮಾಡಬೇಕು.

ಬಾರ್ಬ್‌ಗಳನ್ನು ಈಗ ಒಂಬತ್ತು ಮಾಡಿದ್ದೇನೆ, ಬೇರೆ ಟ್ಯಾಂಕ್ ಕೊಟ್ಟು. ದಿನವಿಡೀ ತಮ್ಮಲ್ಲೇ ಕಚ್ಚಾಡಿಕೊಂಡು ಪರಮ ಸುಖವಾಗಿವೆ, ನಮ್ಮ ಸಂಘದ ಸಭೆಯ ಹಾಗೆ. ಟಬ್ಬಿನಲ್ಲಿ ಮತ್ತೆ ಒಬ್ಬ ರೋಗಿ ಇದ್ದಾನೆ, ಒಂದು ಕಣ್ಣು ಊದಿದ ಗೌರಾಮಿ. ಎಲ್ಲೋ ಗುದ್ದಿಕೊಂಡಿರಬೇಕು. ಒಂದೇ ಕಣ್ಣಿಗೆ ಆದದ್ದು ಸಾಮಾನ್ಯವಾಗಿ ಪೆಟ್ಟು, ಎರಡೂ ಊದಿದರೆ ನೀರಿನದ್ದೋ ಒಳಗಿನದ್ದೋ ತೊಂದರೆ. ಹೊತ್ತು ಹೊತ್ತಿಗೆ ನೀರು ಬದಲಿಸಿ ಕಾಯುತ್ತಿದ್ದೇನೆ. ಅವನ ಸರಿ ಇರುವ ಕಣ್ಣಿನ ಕಡೆಯಿಂದ ಊಟ ಹಾಕುತ್ತೇನೆ. ನಿನ್ನಿಂದ ಕಲಿತದ್ದು.

ಅಮ್ಮ ಸೌದೆ ತರಲು ಕೂಗುತ್ತಿದ್ದಾರೆ. ಬೈಯಬೇಕು ಅನಿಸಿದರೆ ಫೋನ್ ಮಾಡಬೇಡ, ಸ್ವಿಚ್ ಆಫ್ ಆಗಿರುತ್ತದೆ. ಬಂದೇ ಬೈಯಿ. ಬರುವಾಗ ಮೈಸೂರಿನಿಂದ ಒಂದು ಸ್ಪಂಜ್ ಫಿಲ್ಟರ್ ತಾ, ಚಿಕ್ಕದು ಸಾಕು. ದುಡ್ಡು ಕೊಡುತ್ತೇನೆ, ಎಂಟಾಣೆ ಹಿಡಿದುಕೊಂಡು.

ನಿನ್ನ,
ಬಿಳಿ ಮೋಲಿ