ನುಣುಪು ಗಂಟನ್ನೂ ಅನುಮಾನಿಸಿ

ಮಾನ್ಯ ಸಂಪಾದಕರೇ,

ಸ್ತನ ಕ್ಯಾನ್ಸರ್ ಬಗ್ಗೆ ಬರುವ ಲೇಖನಗಳಲ್ಲಿ ಒಂದು ಮಾತು ಆಗಾಗ ಕಾಣುತ್ತದೆ: ಗಂಟಿನ ಅಂಚು ಒರಟಾಗಿದ್ದರೆ ಅನುಮಾನ ಪಡಿ, ದುಂಡಗೆ ನುಣುಪಾಗಿದ್ದರೆ ಭಯ ಬೇಡ. ಬಹಳ ಮಟ್ಟಿಗೆ ಸರಿಯೇ. ಆದರೆ ಬಿಆರ್‌ಸಿಎ1 ಎಂಬ, ಕೆಟ್ಟರೆ ಸ್ತನ ಕ್ಯಾನ್ಸರ್ ಅಪಾಯ ಹೆಚ್ಚಿಸುವ ಜೀನ್‌ನಲ್ಲಿ ಹುಟ್ಟಿನಿಂದಲೇ ದೋಷ ಇರುವ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಈ ಲೆಕ್ಕ ಕೈಕೊಡಬಹುದು.

ಇವರಲ್ಲಿ ಗೆಡ್ಡೆ ಸಾಮಾನ್ಯವಾಗಿ ಬೇಗ ಬೆಳೆಯುತ್ತದೆ. ಎಷ್ಟೋ ಸಲ ಸುತ್ತಲಿನ ಭಾಗದೊಳಗೆ ಬೇರು ಬಿಡುವ ಬದಲು ಅದನ್ನು ಪಕ್ಕಕ್ಕೆ ತಳ್ಳುತ್ತಾ ಹಿಗ್ಗುತ್ತದೆ. ಹಾಗಾಗಿ ಅಲ್ಟ್ರಾಸೌಂಡ್‌ನಲ್ಲಿ ಅಂಚು ಸ್ಪಷ್ಟವಾಗಿರುವ ಗುಂಡಗಿನ ಕಪ್ಪು ಗಂಟಾಗಿ, ಥೇಟ್ ಫೈಬ್ರೊಅಡಿನೋಮಾದಂತೆ ಕಾಣಬಹುದು. ಈ ವಯಸ್ಸಿನಲ್ಲಿ ಅದು ತೀರಾ ಸಾಮಾನ್ಯವಾದ, ಅಪಾಯವಿಲ್ಲದ ಗಂಟು ಬೇರೆ! ಮ್ಯಾಮೋಗ್ರಾಂನಲ್ಲಿ (ಸ್ತನದ ಎಕ್ಸ್‌ರೇ) ಎಚ್ಚರಿಸುವ ಸುಣ್ಣದ ಚುಕ್ಕೆಗಳೂ ಇವರಲ್ಲಿ ಕಡಿಮೆ. ಸಾಲದ್ದಕ್ಕೆ ಎಳೆ ವಯಸ್ಸಿನಲ್ಲಿ ಸ್ತನ ದಟ್ಟವಾಗಿರುತ್ತದೆ. ಮ್ಯಾಮೋಗ್ರಾಂನಲ್ಲಿ ಅದೂ ಬೆಳ್ಳಗೆ, ಗಂಟೂ ಬೆಳ್ಳಗೆ. ಇಂಥ ಕಡೆ ಎಂಆರ್‌ಐ ಜಾಸ್ತಿ ಹಿಡಿಯುತ್ತದೆ. ಇದೇ ಬಗೆಯ ಇನ್ನೊಂದು ಜೀನ್ ಬಿಆರ್‌ಸಿಎ2ರಲ್ಲಿ ದೋಷ ಇರುವವರ ಗೆಡ್ಡೆಗಳು ಮಾತ್ರ ಹೆಚ್ಚಾಗಿ ಉಳಿದವರ ಗೆಡ್ಡೆಗಳ ಹಾಗೆಯೇ ಕಾಣುತ್ತವೆ.

ಸ್ಕ್ಯಾನ್ ರಿಪೋರ್ಟಿನಲ್ಲಿ ಗಂಟಿನ ಅಳತೆ ಇರುತ್ತದೆ, ಮನೆತನದ ಕಥೆ ಎಷ್ಟೋ ಸಲ ಇರುವುದಿಲ್ಲ. ತಾಯಿ, ಚಿಕ್ಕಮ್ಮನ ಬಗ್ಗೆ ಹೇಳುವವರೂ ಸೋದರತ್ತೆಯನ್ನು ಮರೆತುಬಿಡುತ್ತಾರೆ. ಈ ದೋಷ ಅಪ್ಪನಿಂದಲೂ ಬರುತ್ತದೆ ಅಲ್ವಾ? ಯಾರಿಂದಲೇ ಆಗಲಿ, ಮಗುವಿಗೆ ದಾಟುವ ಸಾಧ್ಯತೆ ಶೇ 50. ಮನೆಯಲ್ಲಿ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ, ‘ಆರು ತಿಂಗಳು ನೋಡೋಣ’ ಅನ್ನುವ ಮೊದಲೇ ಬಯಾಪ್ಸಿ ಬೇಕೇ ಎಂದು ವೈದ್ಯರನ್ನು ಕೇಳಬೇಕು. ನಿಮ್ಮ ಆರೋಗ್ಯ ಪುಟದಲ್ಲಿ ಇದಕ್ಕೂ ನಾಲ್ಕು ಸಾಲು ಜಾಗ ಕೊಡಿ.

– ಒಬ್ಬ ಓದುಗರು