ಫೋಟೋ ಸಾವಿರಾರು ಇವೆ, ಹೆಸರು ಬರೆದಿಡುವವರು ಯಾರು?

ಮಾನ್ಯ ಸಂಪಾದಕರೇ,

ಅಪ್ಪ ತೀರಿಕೊಂಡು ಒಂದೂವರೆ ವರ್ಷವಾಯಿತು. ಅವರ ಫೋನು ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ತಿಂಗಳಿಗೊಮ್ಮೆ ಚಾರ್ಜಿಗೆ ಹಾಕುತ್ತೇನೆ. ಪರದೆ ಬೆಳಗುತ್ತದೆ, ಆರು ಅಂಕಿ ಕೇಳುತ್ತದೆ. ಆ ಆರು ಅಂಕಿ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹುಟ್ಟಿದ ದಿನ, ಮದುವೆ ದಿನ, ಅವರು ಹಿಂದೆ ಓಡಿಸುತ್ತಿದ್ದ ಸ್ಕೂಟರಿನ ನಂಬರು, ಎಲ್ಲಾ ಹಾಕಿ ನೋಡಿದೆವು. ತಪ್ಪಾದಷ್ಟೂ ಅದು ಜಾಸ್ತಿ ಹೊತ್ತು ಕಾಯಿಸಿತು. ರಿಪೇರಿ ಮಾಡುವವರು, ‘ಒಳಗಿರುವುದನ್ನೆಲ್ಲ ಅಳಿಸಿ ಫೋನು ಸರಿ ಮಾಡಿಕೊಡಬಹುದು, ಅಷ್ಟೇ’ ಎಂದರು. ನಮಗೆ ಬೇಕಿದ್ದದ್ದು ಒಳಗಿರುವುದೇ. ಬರೀ ಫೋನು ತಗೊಂಡು ಏನು ಮಾಡಲಿ?

ಬೀಗದ ಮೇಲೆ ನನಗೆ ಸಿಟ್ಟಿಲ್ಲ. ಕಳ್ಳ ಯಾರು, ಮಗಳು ಯಾರು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಅಪ್ಪ ಇದ್ದಾಗಲೇ ನಾನು ಕೇಳಬೇಕಿತ್ತು. ಎದುರಿಗೆ ಚೆನ್ನಾಗಿ ಕೂತಿರುವವರ ಹತ್ತಿರ ಅಂಥ ಮಾತು ಹೇಗೆ ಎತ್ತುವುದು ಅಂತ ಸುಮ್ಮನಾಗಿದ್ದೆ, ಅವರೂ ಹೇಳಲಿಲ್ಲ.

ಆಮೇಲೆ ಹುಡುಕಿದಾಗ ಗೊತ್ತಾಯಿತು, ಇದಕ್ಕೆ ದಾರಿ ಮೊದಲಿನಿಂದಲೂ ಇತ್ತು. ಗೂಗಲ್ ಖಾತೆ ಇರುವವರು 2013ರಿಂದಲೇ ಒಂದು ಏರ್ಪಾಡು ಮಾಡಿಡಬಹುದು. ಇಷ್ಟು ತಿಂಗಳು ನಾನು ಖಾತೆ ಮುಟ್ಟದೇ ಇದ್ದರೆ ಇಂಥವರಿಗೆ ತಿಳಿಸಿ, ನನ್ನ ಫೋಟೋ, ಮೇಲ್ ಅವರಿಗೆ ಸಿಗಲಿ ಅಂತ ಹೇಳಿಡುವ ಏರ್ಪಾಡು. ಹತ್ತು ಜನರ ತನಕ ಹೆಸರು ಕೊಡಬಹುದು. ಆ್ಯಪಲ್ ಫೋನಿನಲ್ಲಿ 2021ರ ಡಿಸೆಂಬರಿನಿಂದ ಇಂಥದ್ದೇ ಒಂದು ಸೌಲಭ್ಯ ಇದೆ. ನಾವು ಗುರುತಿಸಿದವರು ನಮ್ಮ ಮರಣ ಪ್ರಮಾಣಪತ್ರ ಮತ್ತು ಮೊದಲೇ ಕೊಟ್ಟಿದ್ದ ಕೀಲಿ ಸಂಖ್ಯೆ ತೋರಿಸಿದರೆ ಐಕ್ಲೌಡ್‌ನಲ್ಲಿ, ಅಂದರೆ ಆ್ಯಪಲ್‌ನ ಆನ್‌ಲೈನ್ ಸಂಗ್ರಹದಲ್ಲಿ, ಇರುವ ಫೋಟೋಗಳು ಅವರಿಗೆ ಸಿಗುತ್ತವೆ. ಎರಡೂ ಕೆಲವೇ ನಿಮಿಷದ ಕೆಲಸ. ಇನ್ನೊಂದು ವಿಷಯ ಓದಿ ನನಗೆ ನಿದ್ದೆ ಬರಲಿಲ್ಲ. ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಖಾತೆಯನ್ನು ಅಳಿಸಬಹುದು ಎಂಬ ನಿಯಮವನ್ನು ಗೂಗಲ್ 2023ರಲ್ಲಿ ತಂದಿದೆ. ಅಪ್ಪ ಹೋಗಿ ಒಂದೂವರೆ ವರ್ಷ ಎಂದೆನಲ್ಲ, ನೀವೇ ಲೆಕ್ಕ ಹಾಕಿ.

ನಮ್ಮಂಥವರು ಮಾತ್ರ ಹೀಗೆ ಕಳೆದುಕೊಳ್ಳುತ್ತಾರೆ ಅಂತಲ್ಲ. ಇಂಗ್ಲೆಂಡಿನಲ್ಲಿ 1086ರಲ್ಲಿ ಊರೂರಿನ ಜಮೀನು, ಜನರ ಲೆಕ್ಕ ಬರೆಸಿದ ಒಂದು ದೊಡ್ಡ ದಾಖಲೆ ಇದೆ, ಡೂಮ್ಸ್‌ಡೇ ಬುಕ್ ಅಂತ. ಚರ್ಮದ ಹಾಳೆಯ ಮೇಲೆ ಬರೆದದ್ದು. ಅದಕ್ಕೆ 900 ವರ್ಷ ತುಂಬಿದಾಗ, 1986ರಲ್ಲಿ, ಬಿಬಿಸಿಯವರು ಅದೇ ರೀತಿ ಹೊಸ ಕಾಲದ ದಾಖಲೆ ಮಾಡೋಣ ಎಂದು ಶಾಲೆ ಮಕ್ಕಳಿಂದಲೂ ಬರೆಸಿ, ಫೋಟೋ ತರಿಸಿ, ಆಗ ಹೊಸದಾಗಿದ್ದ ಲೇಸರ್ ಡಿಸ್ಕಿನಲ್ಲಿ ತುಂಬಿದರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ಡಿಸ್ಕ್ ಓದುವ ಯಂತ್ರಗಳೇ ಅಪರೂಪವಾದವು. ಪರಿಣತರು ಕೂತು ಕಷ್ಟಪಟ್ಟು ಅದನ್ನು ಉಳಿಸಬೇಕಾಯಿತು. ಒಂಬೈನೂರು ವರ್ಷದ ಚರ್ಮ ಮಾತ್ರ ಇವತ್ತಿಗೂ ಓದಲು ಬರುತ್ತದೆ. ಅಷ್ಟು ದೂರ ಯಾಕೆ, ಹಳೆ ಫಾಂಟಿನಲ್ಲಿ ಟೈಪ್ ಮಾಡಿದ ಒಂದು ಕನ್ನಡ ಫೈಲು ಈಗ ತೆರೆದು ನೋಡಿ, ಎಷ್ಟೋ ಸಲ ಗೀಚಿದ ಹಾಗೆ ಚಿಹ್ನೆಗಳಷ್ಟೇ ಕಾಣುತ್ತವೆ. ಗೆಳೆಯರು ಒಬ್ಬರಿಗೊಬ್ಬರು ಬರೆದುಕೊಳ್ಳುತ್ತಿದ್ದ ಆರ್ಕುಟ್ ಎಂಬ ಜಾಲತಾಣ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಅಲ್ಲಿ ಗೆಳೆಯರು ಬರೆದಿದ್ದ ಸಾಲುಗಳನ್ನು ಇಳಿಸಿಟ್ಟುಕೊಂಡವರು ನಿಮ್ಮ ಪರಿಚಯದಲ್ಲಿ ಎಷ್ಟು ಜನ ಇದ್ದಾರೆ? ಇಂಟರ್ನೆಟ್ಟಿಗೆ ತಳಪಾಯ ಹಾಕಿದವರಲ್ಲಿ ಒಬ್ಬರಾದ ವಿಂಟ್ ಸರ್ಫ್ ಅವರೇ 2015ರಲ್ಲಿ, ನಿಮಗೆ ಬೇಕಾದ ಫೋಟೋಗಳನ್ನು ಪ್ರಿಂಟ್ ಹಾಕಿಸಿಟ್ಟುಕೊಳ್ಳಿ ಎಂದು ಹೇಳಿದರು.

ಹಾಗಾದರೆ ಹಳೆ ಕಾಲವೇ ಚೆನ್ನಾಗಿತ್ತು ಎಂದು ಬರೆಯಲು ಈ ಪತ್ರ ಶುರುಮಾಡಿದ್ದೆ. ಅಪ್ಪನ ಟ್ರಂಕು ತೆರೆದ ಮೇಲೆ ಮನಸ್ಸು ಬದಲಾಯಿತು. ಅದರಲ್ಲಿ 63 ಕಪ್ಪು ಬಿಳುಪು ಫೋಟೋಗಳಿದ್ದವು. ಅಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದೊಂದೇ ತೋರಿಸಿದೆ. 41ರಲ್ಲಿ ಇರುವವರು ಯಾರೆಂದು ಅಮ್ಮ ಹೇಳಿದರು. ಉಳಿದ 22 ಫೋಟೋಗಳಲ್ಲಿ ಜನ ನಿಂತಿದ್ದಾರೆ, ನಗುತ್ತಿದ್ದಾರೆ, ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿದ್ದಾರೆ, ಯಾರೆಂದು ಹೇಳಲು ಒಬ್ಬರೂ ಇಲ್ಲ. ಹಿಂದೆ ತಿರುಗಿಸಿದರೆ ಖಾಲಿ. ಒಂದು ಸಾಲು ಪೆನ್ಸಿಲ್ಲಿನಲ್ಲಿ ಬರೆದಿದ್ದರೆ ಸಾಕಿತ್ತು. ಕಾಗದ ಉಳಿದಿದೆ, ಮನುಷ್ಯರು ಹೋಗಿದ್ದಾರೆ.

ನನ್ನ ಫೋನಿನಲ್ಲಿ ಈಗ ಹನ್ನೊಂದು ಸಾವಿರ ಫೋಟೋ ಇವೆ. ಅದರಲ್ಲಿ ಅರ್ಧದಷ್ಟು ರಸೀದಿ, ಗುಡ್ ಮಾರ್ನಿಂಗ್ ಚಿತ್ರ, ಒಂದೇ ನಗುವಿನ ಒಂಬತ್ತು ಪ್ರತಿ. ಇದನ್ನೆಲ್ಲ ನನ್ನ ಮೊಮ್ಮಕ್ಕಳು ಕೂತು ನೋಡುತ್ತಾರೆ ಅಂತ ನನಗೆ ನಂಬಿಕೆ ಇಲ್ಲ. ಮುಂದೆ ಕಂಪ್ಯೂಟರೇ ಎಲ್ಲಾ ಆರಿಸಿ ಕೊಡುತ್ತದೆ, ನೀನ್ಯಾಕೆ ಒದ್ದಾಡುತ್ತೀಯ ಅಮ್ಮ ಅಂತಾನೆ ಮಗ. ಮುಖಗಳನ್ನು ಗುರುತಿಸಿ ಗುಂಪು ಮಾಡುವುದನ್ನು ಫೋನು ಈಗಲೇ ಮಾಡುತ್ತದೆ, ನಿಜ. ಆದರೆ ಆ ಮುಖಕ್ಕೆ ಮನೆಯಲ್ಲಿ ಏನೆಂದು ಕರೆಯುತ್ತಿದ್ದರು, ಅವತ್ತು ಯಾಕೆ ಅಷ್ಟು ನಕ್ಕರು, ಅದು ಅದಕ್ಕೆ ಎಲ್ಲಿಂದ ಗೊತ್ತಾಗಬೇಕು? ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು. ಈಗ ನಾವು ಹೇಳಿದಂಥ ಚಿತ್ರವನ್ನೇ ಹುಟ್ಟಿಸಿಕೊಡುವ ಯಂತ್ರಗಳು ಬಂದಿವೆ, ಅಜ್ಜ ಎಂದೂ ಹೋಗದ ಜಾಗದಲ್ಲಿ ಅಜ್ಜನನ್ನು ನಿಲ್ಲಿಸಬಹುದು. ಐವತ್ತು ವರ್ಷ ಬಿಟ್ಟು ಒಂದು ಹುಡುಗಿ ಫೋಟೋ ಹಿಡಿದು, ಇದು ನಿಜವಾಗಿ ನಡೆದದ್ದಾ ಎಂದು ಕೇಳಿದರೆ ಯಾರು ಉತ್ತರ ಕೊಡುತ್ತಾರೆ? ನಮ್ಮ ಕೈಬರಹದಲ್ಲಿ ಎರಡು ಸಾಲು ಇದ್ದರೆ ಅವಳಿಗೆ ಒಂದು ಆಸರೆ ಅಲ್ವಾ.

ಈಗ ನಾವು ತಿಂಗಳ ಕೊನೆಯ ಭಾನುವಾರ ಕೂತು ಹತ್ತೇ ಫೋಟೋ ಆರಿಸುತ್ತೇವೆ. ಜಗಳ ಆಗುತ್ತದೆ, ಆಗಲಿ. ಪ್ರಿಂಟ್ ಹಾಕಿಸಿ ಹಿಂದೆ ಹೆಸರು, ದಿನ, ಜಾಗ ಬರೆಯುತ್ತೇವೆ. ಫೋನಿನ ಅಂಕಿ ಬರೆದ ಚೀಟಿಯನ್ನು ಮುಚ್ಚಿದ ಲಕೋಟೆಯಲ್ಲಿಟ್ಟು, ಎಲ್ಲಿದೆ ಎಂದು ಒಬ್ಬರಿಗೆ ಹೇಳಿದ್ದೇವೆ. ಅಮ್ಮನ ಹತ್ತಿರ ಈ ಮಾತು ಎತ್ತಲು ನನಗೆ ಎರಡು ವಾರ ಬೇಕಾಯಿತು. ಅವರು ಅರ್ಧ ನಿಮಿಷದಲ್ಲಿ ಅಂಕಿ ಹೇಳಿಬಿಟ್ಟರು.

ನಿಮ್ಮಲ್ಲಿ ಎರಡು ಕೋರಿಕೆ ಇದೆ. ಖಾತೆಯ ಏರ್ಪಾಡನ್ನು ಹಂತ ಹಂತವಾಗಿ ಮಾಡುವುದು ಹೇಗೆ ಎಂದು ಚಿತ್ರ ಸಮೇತ ಅರ್ಧ ಪುಟ ಹಾಕಿ. ಫೋನಿನ ಸೆಟ್ಟಿಂಗ್ಸ್ ತೆರೆದು ನೋಡದ ಹಿರಿಯರು ನಿಮ್ಮ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ತನಕ ಓದುತ್ತಾರೆ. ಹಾಗೇ, ವಾರಕ್ಕೊಂದು ಮೂಲೆಯಲ್ಲಿ ಓದುಗರ ಮನೆಯ ಒಂದು ಹಳೆ ಫೋಟೋ ಹಾಕಿ, ಇವರು ಯಾರು ಎಂದು ಕೇಳಿ. ಮೊದಲನೆಯದನ್ನು ನಾನೇ ಕಳಿಸುತ್ತೇನೆ. ಅದರಲ್ಲಿ ಅಪ್ಪನಿಗೆ ಇಪ್ಪತ್ತು ವರ್ಷ ಇರಬಹುದು. ಪಕ್ಕದಲ್ಲಿ ಬಿಳಿ ಅಂಗಿ ತೊಟ್ಟ ಒಬ್ಬ ಹುಡುಗ, ಎಡಗೈಗೆ ಬ್ಯಾಂಡೇಜು, ಅಪ್ಪನ ಕಡೆ ತಿರುಗಿ ಏನೋ ಹೇಳುತ್ತಿದ್ದಾನೆ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು