ಬ್ಯಾಂಕಾಕ್ ಎಂದೊಡನೆ ನಗುವವರಲ್ಲಿ ಒಂದು ಮನವಿ

ಮಾನ್ಯ ಸಂಪಾದಕರೆ,

ಬ್ಯಾಂಕಾಕಿಗೆ ಹೋಗಿಬಂದೆವೆಂದು ಹೇಳಿದರೆ ನಮ್ಮಲ್ಲಿ ಕೇಳಿದವರ ಮುಖದ ಮೇಲೆ ಒಂದು ಬಗೆಯ ನಗು ಮೂಡುತ್ತದೆ. ಹೋದವರು ಗಂಡಸರಾದರೆ ಆ ನಗುವಿಗೆ ಒಂದು ಅರ್ಥ, ಹೆಂಗಸರಾದರೆ ‘ನಿಮಗೇಕೆ ಬೇಕಿತ್ತು ಆ ಊರು’ ಎಂಬ ಇನ್ನೊಂದು ಅರ್ಥ. ಮದುವೆಮನೆಯ ಹರಟೆಯಲ್ಲಿ, ಕಚೇರಿಯ ಊಟದ ಬಿಡುವಿನಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆ ಊರಿನ ಹೆಸರೇ ಒಂದು ನಗೆಹನಿಯಾಗಿಬಿಟ್ಟಿದೆ. ಮಗಳು, ಅಳಿಯನ ಜೊತೆಗೆ ಈಚೆಗೆ ಮೊದಲ ಬಾರಿಗೆ ಆ ನಗರವನ್ನು ಕೆಲವೇ ದಿನಗಳ ಮಟ್ಟಿಗೆ ನೋಡಿಬಂದ ನಿವೃತ್ತ ಅಧ್ಯಾಪಕಿ ನಾನು. ಈ ನಗು ಒಂದು ರಾಜಧಾನಿಗೂ ಅಲ್ಲಿ ಬೆವರು ಸುರಿಸಿ ಬದುಕುವ ಲಕ್ಷಾಂತರ ಜನರಿಗೂ, ಅದರಲ್ಲೂ ಅಲ್ಲಿನ ಹೆಣ್ಣುಮಕ್ಕಳಿಗೂ ನಾವು ಮಾಡುತ್ತಿರುವ ಅನ್ಯಾಯವೆಂದು ಮನಸ್ಸಿಗೆ ಖಚಿತವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಆ ಹೆಸರು ಸುಮ್ಮನೆ ಬಂದದ್ದಲ್ಲ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. 1960ರ ದಶಕದಲ್ಲಿ ವಿಯೆಟ್ನಾಂ ಯುದ್ಧ ನಡೆಯುತ್ತಿದ್ದಾಗ ಅಮೆರಿಕದ ಸೈನಿಕರನ್ನು ವಿಶ್ರಾಂತಿಗೆಂದು ಥಾಯ್ಲೆಂಡಿಗೆ ಕಳುಹಿಸಲಾಗುತ್ತಿತ್ತು. ಅವರ ಜೇಬನ್ನು ನೆಚ್ಚಿಕೊಂಡು ಪಾಟ್‌ಪಾಂಗ್‌ನಂತಹ ಬೀದಿಗಳಲ್ಲಿ ಬಾರುಗಳು ಹುಟ್ಟಿಕೊಂಡವು, ಯುದ್ಧ ಮುಗಿದ ಮೇಲೆ ಸೈನಿಕರ ಜಾಗಕ್ಕೆ ಪ್ರವಾಸಿಗರು ಬಂದರು. ಆ ದೇಶದ 1996ರ ಕಾಯ್ದೆ ವೇಶ್ಯಾವಾಟಿಕೆಯನ್ನು ನಿಷೇಧಿಸಿದ್ದರೂ ಆ ವ್ಯಾಪಾರ ನಿಂತಿಲ್ಲ. ಆದರೆ ಇಂಥ ಬೀದಿಗಳಲ್ಲಿ ಅದನ್ನು ನಡೆಸಿಕೊಂಡು ಹೋಗುತ್ತಿರುವುದು ಬಹುಮಟ್ಟಿಗೆ ಹೊರಗಿನಿಂದ ಹೋಗುವ ಗಿರಾಕಿಗಳ ದುಡ್ಡು. ಆ ಗಿರಾಕಿಗಳಲ್ಲಿ ನಮ್ಮವರೂ ಇರುವಾಗ, ನಗೆಪಾಟಲಿಗೆ ಗುರಿಯಾಗುವುದು ಮಾತ್ರ ಆ ಊರು, ಆ ಊರಿನ ಹೆಣ್ಣುಮಕ್ಕಳು ಎಂಬುದು ನ್ಯಾಯವಲ್ಲ.

ಇದಕ್ಕೆ ನಮ್ಮ ಪ್ರವಾಸ ಪ್ಯಾಕೇಜುಗಳೂ ಕಾರಣವೆಂದು ನನ್ನ ಅನಿಸಿಕೆ. ಬೆಂಗಳೂರಿನಿಂದ ನೇರ ವಿಮಾನವಿದೆ, ಸುಮಾರು ನಾಲ್ಕು ಗಂಟೆಯ ಹಾದಿ. ಹಾಗಾಗಿ ವಿದೇಶ ಪ್ರವಾಸವೆಂದರೆ ಮೊದಲು ಬ್ಯಾಂಕಾಕ್ ಎಂಬಂತಾಗಿದೆ. ಸಾಮಾನ್ಯವಾಗಿ ಈ ಪ್ಯಾಕೇಜುಗಳಲ್ಲಿ ವಿಮಾನ ಇಳಿದವರನ್ನು ನೇರವಾಗಿ ಕಡಲತೀರದ ಊರಾದ ಪಟ್ಟಾಯಕ್ಕೆ ಸಾಗಿಸುತ್ತಾರೆ. ಅಲ್ಲೊಂದು ದ್ವೀಪ, ಒಂದು ನೃತ್ಯ ಪ್ರದರ್ಶನ, ಹರಳು ಮಾರುವ ದೊಡ್ಡ ಮಳಿಗೆ. ಮರಳಿ ಬ್ಯಾಂಕಾಕಿಗೆ ಬಂದರೆ ಅರ್ಧ ದಿನದಲ್ಲಿ ಚಿನ್ನದ ಬುದ್ಧ ಮತ್ತು ಅಮೃತಶಿಲೆಯ ದೇವಾಲಯ, ಉಳಿದದ್ದೆಲ್ಲ ಮಾಲ್‌ಗಳು. ನಗರದ ಹುಟ್ಟಿಗೆ ಕಾರಣವಾದ ನದಿಯನ್ನು ರಾತ್ರಿಯ ಊಟದ ಹಡಗಿನಿಂದ, ಹಿಂದಿ ಹಾಡಿನ ಅಬ್ಬರದ ನಡುವೆ ಕಂಡರೆ ಕಂಡರು. ಊರನ್ನು ಹೀಗೆ ನೋಡಿ ಬಂದವರ ಬಾಯಲ್ಲಿ ಬೇರೆ ಮಾತು ಹೇಗೆ ತಾನೇ ಬಂದೀತು?

ಮಗಳ ಹಟದಿಂದಾಗಿ ನಾವು ಪ್ಯಾಕೇಜಿನ ಗೊಡವೆಗೆ ಹೋಗಲಿಲ್ಲ. ಬಿ.ಟಿ.ಎಸ್. ಎಂದು ಕರೆಯುವ, 1999ರ ಡಿಸೆಂಬರಿನಲ್ಲಿ ಆರಂಭವಾದ ಎತ್ತರಿಸಿದ ಹಳಿಯ ರೈಲಿನಲ್ಲಿ ಸಫಾನ್ ತಾಕ್ಸಿನ್ ನಿಲ್ದಾಣಕ್ಕೆ ಹೋಗಿ ಮೆಟ್ಟಿಲಿಳಿದರೆ ಎದುರಿಗೇ ಚಾವೊ ಫ್ರಾಯಾ ನದಿ, ಸಾಥೋನ್ ದೋಣಿಗಟ್ಟೆ. ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದು ಶರಾವತಿ ಹಿನ್ನೀರು ದಾಟಿ ಬೆಳೆದ ನನಗೆ, ಒಂದು ಮಹಾನಗರದ ನಟ್ಟನಡುವೆ ಜನ ಅಷ್ಟೇ ಸಹಜವಾಗಿ ನೀರಿನ ದಾರಿಯನ್ನು ದಿನದ ಕೆಲಸಕ್ಕೆ ಬಳಸುವುದನ್ನು ಕಂಡು ಹಿಡಿಸಲಾರದಷ್ಟು ಸಂತೋಷವಾಯಿತು. ನಾವು ಹತ್ತಿದ ಕಿತ್ತಳೆ ಬಾವುಟದ ದೋಣಿ ಪ್ರವಾಸಿಗರಿಗೆಂದು ಮಾಡಿದ್ದಲ್ಲ. ಸಮವಸ್ತ್ರದ ಶಾಲಾ ಮಕ್ಕಳು, ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ನೌಕರರು, ತರಕಾರಿ ಚೀಲ ಹಿಡಿದ ಮುದುಕಿಯರು ಎಲ್ಲರೂ ಅದರಲ್ಲಿದ್ದರು, ಬೌದ್ಧ ಭಿಕ್ಷುಗಳು ನಿಲ್ಲುವುದಕ್ಕೆ ಪ್ರತ್ಯೇಕ ಜಾಗವೂ ಇತ್ತು. ದೋಣಿಯ ಹಿಂಬದಿಯಲ್ಲಿ ನಿಂತ ಹುಡುಗ ಸೀಟಿ ಊದುತ್ತಾನೆ. ಒಂದೊಂದು ಬಗೆಯ ಸೀಟಿಗೂ ಒಂದೊಂದು ಸೂಚನೆ. ಮುಂದೆ ಕುಳಿತ ಚಾಲಕನಿಗೆ ಹಿಂದಿನ ತುದಿ ಕಾಣುವುದಿಲ್ಲವಾದ್ದರಿಂದ ಆ ಶಬ್ದವನ್ನೇ ನಂಬಿ ದೋಣಿಯನ್ನು ಕಟ್ಟೆಗೆ ತಾಗಿಸುತ್ತಾನೆ. ಹಗ್ಗ ಸುತ್ತುವುದು, ಜನ ಇಳಿಯುವುದು, ಹತ್ತುವುದು, ಹಗ್ಗ ಬಿಚ್ಚುವುದು ಎಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಟಿಕೆಟ್ ಕೊಡುವ ಹೆಂಗಸು ಉದ್ದನೆಯ ಲೋಹದ ಕೊಳವೆಯೊಂದನ್ನು ಕೈಯಲ್ಲಿ ಹಿಡಿದು, ಅದರೊಳಗಿನ ಚಿಲ್ಲರೆಯನ್ನು ಗಲಗಲ ಅನ್ನಿಸುತ್ತ, ಆ ನೂಕುನುಗ್ಗಲಿನಲ್ಲೂ ಯಾರು ಹೊಸದಾಗಿ ಹತ್ತಿದವರೆಂದು ತಪ್ಪದೆ ಗುರುತಿಸುತ್ತಾಳೆ. ವಯಸ್ಸಾದ ನನ್ನನ್ನು ನೋಡಿ ಆಕೆ ಮಾತಿಲ್ಲದೆ ಒಬ್ಬ ಹುಡುಗನ ಭುಜ ತಟ್ಟಿ ಎಬ್ಬಿಸಿ ಜಾಗ ಮಾಡಿಕೊಟ್ಟಳು. ನಮ್ಮ ನಗೆಹನಿಗಳಲ್ಲಿ ಬರುವ ಬ್ಯಾಂಕಾಕಿನ ಹೆಂಗಸರಲ್ಲಿ ಇಂಥವರು ಒಬ್ಬರೂ ಇರುವುದಿಲ್ಲ.

ಈ ನದಿಯ ದಂಡೆಯಲ್ಲೇ ನಗರ ಹುಟ್ಟಿದ್ದು. 1767ರಲ್ಲಿ ಬರ್ಮಾದ ಸೈನ್ಯ ಹಿಂದಿನ ರಾಜಧಾನಿ ಅಯುತ್ಥಯವನ್ನು ಸುಟ್ಟು ಹಾಳುಗೆಡವಿದ ಮೇಲೆ ಕೆಲಕಾಲ ಪಶ್ಚಿಮ ದಡದ ಥೋನ್‌ಬುರಿ ರಾಜಧಾನಿಯಾಗಿತ್ತು. 1782ರಲ್ಲಿ ಚಕ್ರಿ ವಂಶದ ಮೊದಲ ದೊರೆ, ಒಂದನೆಯ ರಾಮ, ಪೂರ್ವದ ದಡಕ್ಕೆ ರಾಜಧಾನಿಯನ್ನು ತಂದನು. ಅರಮನೆಯ ಆವರಣದಲ್ಲಿರುವ ಪಚ್ಚೆ ಬುದ್ಧನ ದೇವಾಲಯದ ಸುತ್ತಿನ ಪ್ರಾಕಾರದಲ್ಲಿ ಅವರ ರಾಮಕಥೆಯಾದ ರಾಮಕಿಯೆನ್ನಿನ ಪ್ರಸಂಗಗಳನ್ನು 178 ಭಿತ್ತಿಚಿತ್ರಗಳಲ್ಲಿ ಬರೆಯಲಾಗಿದೆ. ಅವರ ಹನುಮಂತ ಬ್ರಹ್ಮಚಾರಿಯಲ್ಲ. ಅವನಿಗೆ ಮಡದಿಯರೂ ಮಕ್ಕಳೂ ಇದ್ದಾರೆ. ನನಗೆ ಇದನ್ನು ಅರಗಿಸಿಕೊಳ್ಳಲು ತುಸು ಹೊತ್ತು ಹಿಡಿಯಿತೆಂಬುದು ನಿಜ, ಆದರೆ ಯಕ್ಷಗಾನದ ಪ್ರಸಂಗಗಳಲ್ಲಿ ಎಷ್ಟೆಷ್ಟು ಬಗೆಯ ರಾಮಕಥೆ ಕಂಡಿದ್ದೇವೆಂದು ನೆನೆದಾಗ ಆ ಚಿತ್ರಗಳ ಮುಂದೆ ನಿಲ್ಲುವುದು ಸುಲಭವಾಯಿತು.

ಅಲ್ಲಿಂದ ದೂರವಲ್ಲದ, ಕೆಂಪು ಬಣ್ಣದ ಎತ್ತರದ ಉಯ್ಯಾಲೆ ಕಂಬಗಳ ಬಳಿ ದೇವಸ್ಥಾನ್ ಎಂಬ ಪುಟ್ಟ ಗುಡಿಯ ಸಮುಚ್ಚಯವಿದೆ. 1784ರಲ್ಲಿ ಕಟ್ಟಿದ್ದು, ಶಿವ, ಗಣಪತಿ, ವಿಷ್ಣು ಮೂವರಿಗೂ ಪ್ರತ್ಯೇಕ ಗುಡಿಗಳು. ಬೌದ್ಧ ದೇಶದ ರಾಜಮನೆತನದ ವಿಧಿಗಳನ್ನು ಇಂದಿಗೂ ನಡೆಸಿಕೊಡುವ ಆಸ್ಥಾನ ಬ್ರಾಹ್ಮಣರ ನೆಲೆ ಇದು. ಮೇ ತಿಂಗಳಲ್ಲಿ ಸನಾಮ್ ಲುವಾಂಗ್ ಮೈದಾನದಲ್ಲಿ ನಡೆಯುವ ರಾಜ ಉಳುಮೆಯ ಉತ್ಸವದಲ್ಲಿ ಎತ್ತುಗಳ ಮುಂದೆ ಭತ್ತ, ಮುಸುಕಿನ ಜೋಳ, ಎಳ್ಳು, ಹುಲ್ಲು, ನೀರು ಇತ್ಯಾದಿಗಳನ್ನಿಟ್ಟು, ಅವು ಯಾವುದಕ್ಕೆ ಬಾಯಿ ಹಾಕುತ್ತವೆಂಬುದರ ಮೇಲೆ ವರ್ಷದ ಮಳೆ ಬೆಳೆ ಹೇಳುವವರೂ ಇವರೇ. ಇವರ ವಾರ್ಷಿಕ ಆಚರಣೆಯಲ್ಲಿ, ನಮ್ಮ ಮೇಲುಕೋಟೆಯಂತಹ ಕ್ಷೇತ್ರಗಳಲ್ಲಿ ಧನುರ್ಮಾಸದಲ್ಲಿ ಕೇಳುವ ತಮಿಳು ಸ್ತೋತ್ರ ಪರಂಪರೆಯ ಹಾಡುಗಳು, ಉಚ್ಚಾರ ಸಾಕಷ್ಟು ಬದಲಾಗಿದ್ದರೂ, ಉಳಿದುಬಂದಿವೆ. ನಾವು ಹೋದಾಗ ಅಲ್ಲಿ ನಮ್ಮನ್ನು ಬಿಟ್ಟರೆ ಭಾರತೀಯರು ಯಾರೂ ಇರಲಿಲ್ಲ. ಅದೇ ದಿನ ಸಂಜೆ ಮಾಲ್ ಒಂದರ ಮುಂದೆ ಕನ್ನಡವೇ ನಾಲ್ಕಾರು ಕಡೆ ಕಿವಿಗೆ ಬಿತ್ತು.

ಬ್ಯಾಂಕಾಕಿನ ಮಸಾಜ್ ಬಗ್ಗೆ ಆಡುವ ಮಾತು ನಮ್ಮಲ್ಲಿ ಎಲ್ಲಕ್ಕಿಂತ ಹಗುರವಾದದ್ದು. ಅದನ್ನು ಆಡುವವರು ಒಮ್ಮೆ ವಾಟ್ ಫೊ ದೇವಾಲಯಕ್ಕೆ ಹೋಗಬೇಕು. 46 ಮೀಟರ್ ಉದ್ದದ ಶಯನ ಬುದ್ಧನನ್ನೂ, ಅಂಗಾಲುಗಳಲ್ಲಿ ಮುತ್ತಿನ ಚಿಪ್ಪಿನಿಂದ ಕೂರಿಸಿದ 108 ಮಂಗಳ ಚಿಹ್ನೆಗಳನ್ನೂ ನೋಡಿ ಫೋಟೊ ತೆಗೆಸಿಕೊಂಡು ಜನ ಹೊರಬಂದುಬಿಡುತ್ತಾರೆ. ಆದರೆ ಅದೇ ಆವರಣದಲ್ಲಿ, ಮೂರನೆಯ ರಾಮ ದೊರೆಯ ಕಾಲದಲ್ಲಿ, ಅಂದರೆ 1830ರ ದಶಕದಲ್ಲಿ, ಆ ನಾಡಿನ ವಿದ್ಯೆಗಳನ್ನೆಲ್ಲ ಕಲ್ಲಿನ ಮೇಲೆ ಕೆತ್ತಿಸಿ ಗೋಡೆಗಳಿಗೆ ಹಚ್ಚಲಾಯಿತು. ಮುದ್ರಿತ ಪುಸ್ತಕ ಜನರ ಕೈಗೆ ಬರುವ ಮೊದಲೇ ಯಾರು ಬೇಕಾದರೂ ಬಂದು ನಿಂತು ಓದಬಹುದಾದ ಶಾಲೆಯೊಂದು ಹೀಗೆ ಸಿದ್ಧವಾಯಿತು. ಈ ಶಾಸನಗಳನ್ನು ಯುನೆಸ್ಕೊ 2011ರಲ್ಲಿ ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿದೆ. ಮನುಷ್ಯನ ದೇಹದ ರೇಖಾಚಿತ್ರದ ಮೇಲೆ ಎಲ್ಲೆಲ್ಲಿ ಒತ್ತಿದರೆ ಯಾವ ನೋವು ಇಳಿಯುತ್ತದೆಂಬ ಗೆರೆಗಳನ್ನು, ಮೈಯನ್ನು ಬಾಗಿಸಿ ತಿರುಚಿ ಆಸನ ಹಾಕಿದ ಋಷಿಗಳ ಮೂರ್ತಿಗಳನ್ನು ಹತ್ತಿರದಿಂದ ನೋಡುತ್ತ ನಾನು ಬಹಳ ಹೊತ್ತು ಅಲ್ಲೇ ಉಳಿದೆ. ಬುದ್ಧನ ವೈದ್ಯನಾಗಿದ್ದ ಮಗಧದ ಜೀವಕನನ್ನು ಈ ವಿದ್ಯೆಯ ಮೂಲಪುರುಷನೆಂದು ಅವರು ಪೂಜಿಸುತ್ತಾರೆ. 1955ರಿಂದ ಅಲ್ಲಿ ಈ ಚಿಕಿತ್ಸೆಯನ್ನು ಕಲಿಸುವ ಶಾಲೆ ನಡೆಯುತ್ತಿದೆ. 2019ರಲ್ಲಿ ಯುನೆಸ್ಕೊ ಥಾಯ್ ಮಸಾಜ್ ವಿದ್ಯೆಯನ್ನು ಅಮೂರ್ತ ಪರಂಪರೆಯ ಪಟ್ಟಿಗೂ ಸೇರಿಸಿತು. ವರ್ಷಗಳಿಂದ ಮೊಣಕಾಲು ನೋವಿರುವ ನನಗೆ ಅಲ್ಲಿ ಚಿಕಿತ್ಸೆ ನೀಡಿದ ನಡುವಯಸ್ಸಿನ ಮಹಿಳೆ ಆರಂಭಕ್ಕೆ ಮೊದಲು ಕೈಮುಗಿದರು. ಎಲ್ಲಿ ನೋವು, ಎಷ್ಟು ನೋವು ಎಂದು ಕೈಸನ್ನೆಯಲ್ಲೇ ವಿಚಾರಿಸಿ, ಹಜಾರದಲ್ಲಿ ಸಾಲಾಗಿ ಹಾಸಿದ ಹಾಸಿಗೆಗಳ ಮೇಲೆ ಹತ್ತಾರು ಜನರ ನಡುವೆ ಶುಶ್ರೂಷೆ ಮಾಡಿದರು. ನಮ್ಮ ಊರಿನ ಎಣ್ಣೆ ತಿಕ್ಕುವ ಅಜ್ಜಿಯರ ಕೈಯಲ್ಲಿದ್ದ ಅಕ್ಕರೆ ಅದರಲ್ಲಿತ್ತು. ಇಂಥ ದುಡಿಮೆಯನ್ನು ದ್ವಂದ್ವಾರ್ಥದ ಮಾತಿಗೆ ಇಳಿಸುವುದನ್ನು ಇನ್ನು ಮುಂದೆ ಕೇಳಿಯೂ ಕೇಳದಂತೆ ಇರಲು ನನಗೆ ಸಾಧ್ಯವಿಲ್ಲ.

ಸಸ್ಯಾಹಾರಿಗಳಿಗೆ ಅಲ್ಲಿ ಗತಿಯಿಲ್ಲವೆಂಬ ಮಾತೂ ಪೂರ್ತಿ ನಿಜವಲ್ಲ. ತರಕಾರಿಯ ಪಲ್ಯಕ್ಕೂ ಮೀನಿನ ಸಾಸ್ ಹಾಕುವುದು ಅಲ್ಲಿನ ವಾಡಿಕೆ, ಆ ಎಚ್ಚರ ಬೇಕು. ಆದರೆ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ‘ಜೇ’ ಎಂದು ಬರೆದ ಅಂಗಡಿಗಳಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ. ಚೀನೀ ಮೂಲದ ಬೌದ್ಧರ ಈ ಕಟ್ಟುನಿಟ್ಟು ನಮ್ಮ ಚಾತುರ್ಮಾಸ್ಯ ವ್ರತದವರಿಗೂ ಮೆಚ್ಚುಗೆಯಾದೀತು. ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ಬರುವ ಅವರ ಸಸ್ಯಾಹಾರ ಉತ್ಸವದ ದಿನಗಳಲ್ಲಿ ಚೈನಾಟೌನ್ ಆದ ಯಾವೊರಾತ್ ಬೀದಿಯ ತುಂಬ ಇಂಥ ಬಾವುಟಗಳೇ ಇರುತ್ತವೆ.

ಊರಿನ ಕೊರತೆಗಳನ್ನು ಮುಚ್ಚಿಡುವುದೂ ಸರಿಯಲ್ಲ. ರಸ್ತೆಯ ವಾಹನ ದಟ್ಟಣೆ ಬೆಂಗಳೂರಿನವರನ್ನೂ ಸುಸ್ತು ಮಾಡುವಂಥದ್ದು. ಸೇನ್ ಸೇಪ್ ಕಾಲುವೆ 1837ರಿಂದ 1840ರ ನಡುವೆ ಸೈನ್ಯ ಸಾಗಿಸಲೆಂದು ತೋಡಿದ್ದು. ಇಂದು ಅದರಲ್ಲೂ ಪ್ರಯಾಣಿಕರ ದೋಣಿಗಳು ಬಿರುಸಾಗಿ ಓಡಾಡುತ್ತವೆ. ಹೆಲ್ಮೆಟ್ ಹಾಕಿದ ಕಂಡಕ್ಟರುಗಳು ದೋಣಿಯ ಹೊರ ಅಂಚಿನಲ್ಲೇ ನಡೆದಾಡಿ ಹಣ ಪಡೆಯುತ್ತಾರೆ, ಎದುರು ದೋಣಿ ಬಂದಾಗ ಪ್ರಯಾಣಿಕರೇ ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಏರಿಸಿಕೊಳ್ಳುತ್ತಾರೆ. ಆದರೆ ಪರದೆ ಬೇಕಾಗಿರುವುದು ಆ ನೀರು ಕಪ್ಪಾಗಿ, ವಾಸನೆ ಬರುವಷ್ಟು ಕೆಟ್ಟಿರುವುದರಿಂದ. ಅರಮನೆಯ ಹೊರಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟವರೊಬ್ಬರು ‘ಇಂದು ಅರಮನೆ ಮುಚ್ಚಿದೆ’ ಎಂದು ಹೇಳಿ ನಮ್ಮನ್ನು ತುಕ್‌ತುಕ್ ಎಂಬ ಅಲ್ಲಿನ ಆಟೊ ಹತ್ತಿಸಲು ನೋಡಿದರು. ಹೀಗೆ ಹತ್ತಿದವರನ್ನು ಹರಳಿನ ಅಂಗಡಿಗೆ ಒಯ್ಯುವುದು ಹಳೆಯ ವಂಚನೆ. ಅರಮನೆ ಬೆಳಿಗ್ಗೆ 8.30ರಿಂದ ಮಧ್ಯಾಹ್ನ 3.30ರವರೆಗೆ ಪ್ರವೇಶ ನೀಡುತ್ತದೆ. ದ್ವಾರದ ಸಿಬ್ಬಂದಿಯ ಮಾತನ್ನಲ್ಲದೆ ಬೇರೆಯವರದನ್ನು ನಂಬಬೇಕಾಗಿಲ್ಲ.

ನಮ್ಮ ನಡತೆಯ ಬಗ್ಗೆಯೂ ಹೇಳಬೇಕಾದದ್ದಿದೆ. ಅರಮನೆಗೂ ದೇವಾಲಯಗಳಿಗೂ ಭುಜ, ಮೊಣಕಾಲು ಮುಚ್ಚುವ ಉಡುಪು ಬೇಕು. ಬುದ್ಧನ ಕಡೆಗೆ ಕಾಲು ಚಾಚಿ ಕೂರಬಾರದು. ಹೆಂಗಸರು ಭಿಕ್ಷುಗಳನ್ನು ಮುಟ್ಟಬಾರದು. ಬುದ್ಧನ ವಿಗ್ರಹವನ್ನು ದೇಶದ ಹೊರಗೆ ಒಯ್ಯಲು ಅಲ್ಲಿನ ಲಲಿತಕಲಾ ಇಲಾಖೆಯ ಅನುಮತಿ ಬೇಕು. ಬೆಳಿಗ್ಗೆ ಎಂಟಕ್ಕೂ ಸಂಜೆ ಆರಕ್ಕೂ ರೈಲು ನಿಲ್ದಾಣಗಳಲ್ಲಿ ರಾಷ್ಟ್ರಗೀತೆ ಮೊಳಗಿದಾಗ ಓಡುತ್ತಿದ್ದವರೂ ನಿಂತುಬಿಡುತ್ತಾರೆ. ಹಾಗೆ ಎಲ್ಲರೂ ನಿಂತಿದ್ದ ಹೊತ್ತಿನಲ್ಲಿ ನಮ್ಮ ದೇಶದ ಒಂದು ಗುಂಪು ಗಟ್ಟಿಯಾಗಿ ಮಾತನಾಡುತ್ತ, ಪಕ್ಕದಲ್ಲಿದ್ದ ಹೆಣ್ಣುಮಕ್ಕಳನ್ನು ಮೊಬೈಲಿನಲ್ಲಿ ಚಿತ್ರೀಕರಿಸುತ್ತ ಸಾಗಿದ್ದನ್ನು ಕಂಡು ನನಗೂ ಮಗಳಿಗೂ ನಾಚಿಕೆಯಿಂದ ತಲೆ ತಗ್ಗಿತು.

ಆದ್ದರಿಂದ ರಾಜ್ಯದ ಪ್ರವಾಸ ಸಂಸ್ಥೆಗಳಲ್ಲಿ ನನ್ನ ವಿನಂತಿ ಇಷ್ಟೆ. ಬ್ಯಾಂಕಾಕ್ ಪ್ಯಾಕೇಜಿನಲ್ಲಿ ಹಳೆಯ ನಗರಕ್ಕೆ ಒಂದು ಪೂರ್ಣ ದಿನ ಮೀಸಲಿಡಿ, ಆ ದಿನವನ್ನು ಬಸ್ಸಿನಲ್ಲಲ್ಲ, ದೋಣಿಯಲ್ಲಿ ಆರಂಭಿಸಿ. ದೇವಸ್ಥಾನ್ ಗುಡಿಯನ್ನೂ ವಾಟ್ ಫೊದ ಶಾಸನಗಳನ್ನೂ ಪಟ್ಟಿಗೆ ಸೇರಿಸಿ. ಹರಳಿನ ಮಳಿಗೆಯನ್ನು ಕೈಬಿಡಿ. ಹೊರಡುವ ಮೊದಲೇ ಪ್ರವಾಸಿಗರಿಗೆ ಅಲ್ಲಿನ ನಡಾವಳಿಯನ್ನು ಕನ್ನಡದಲ್ಲಿ ಮುದ್ರಿಸಿ ಕೊಡಿ. ಹಾಗೆಯೇ ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಈ ನಗರದ ನದಿ, ಕಾಲುವೆ, ವೈದ್ಯ ಪರಂಪರೆಗಳ ಬಗ್ಗೆ ಬಲ್ಲವರಿಂದ ಲೇಖನ ಬರೆಸಬೇಕೆಂದೂ, ಬ್ಯಾಂಕಾಕಿನ ಹೆಸರನ್ನು ನಗೆಹನಿಗೆ ಬಳಸುವ ಬರಹಗಳಿಗೆ ಜಾಗ ಕೊಡಬಾರದೆಂದೂ ಕಳಕಳಿಯಿಂದ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಅಧ್ಯಾಪಕಿ, ಸಾಗರ